ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೀಟು

2018ರ ಜೂನ್ 18, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷ. ಮೈಸೂರಿನ ನಮ್ಮ ನ್ಯಾಯಾಲಯದ ಕಚೇರಿಯಲ್ಲಿ ಆ ಹೊತ್ತಿಗೆ ನಡೆದುದನ್ನು ಹೇಳದೆ, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಶಿರಸ್ತೇದಾರರಾದ ಶ್ರೀಮತಿ ಸುಮಿತ್ರಮ್ಮನವರ ಬಗ್ಗೆ ಬರೆಯಲು ನನಗೆ ಬಾರದು. ಕ್ರಿಮಿನಲ್ ಕಡತಗಳ ನಿರ್ವಹಣೆಯಲ್ಲಿ ಅವರಷ್ಟು ನಂಬಿಕೆಗೆ ಪಾತ್ರರಾದವರನ್ನು ನಾನು ಕಂಡಿಲ್ಲ.

ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಗುಮಾಸ್ತನಾಗಿ ಸೇರಿ ನನಗಾಗ ಏಳು ತಿಂಗಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಡೆದಾಟದ ಪ್ರಕರಣವೊಂದರಲ್ಲಿ ಜಾಮೀನು ಪಡೆದು ತಲೆಮರೆಸಿಕೊಂಡಿದ್ದ ಮೇಟಗಳ್ಳಿಯ ಚಿಕ್ಕಯ್ಯನೆಂಬ ಆರೋಪಿಯ ಬಂಧನಕ್ಕೆ ವಾರಂಟ್ ಬರೆದವನು ನಾನೇ. ಅದೇ ಪ್ರಕರಣದ ಹಿಂದಿನ ವಾರಂಟನ್ನು ನೋಡಿ ನಕಲು ಮಾಡಿದ್ದೆ. ಅದರಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿತ್ತು, ನನ್ನದರಲ್ಲೂ ಖಾಲಿ ಉಳಿಯಿತು. ಪೊಲೀಸರು ಅದೇ ಬಡಾವಣೆಯ, ಅದೇ ಹೆಸರಿನ ಬೇರೊಬ್ಬ ಕಾರ್ಮಿಕರನ್ನು ಪಾಳಿ ಮುಗಿಸಿ ಬರುವಾಗ ಹಿಡಿದು ತಂದಿದ್ದರು. ಹನ್ನೊಂದಕ್ಕೆ ಕಲಾಪ, ಆಮೇಲೆ ಜೈಲು.

ಅವರ ಹೆಂಡತಿ ಮಂಗಳಮ್ಮ ಕಚೇರಿಯ ಬಾಗಿಲಲ್ಲಿ ನಿಂತು, “ನಮ್ಮೆಜಮಾನ್ರು ಒಡೆದಾಟಕ್ಕೆ ಓಗೋರಾ? ಮನೇಲಿ ಕೋಳಿ ಕುಯ್ಯೋಕೂ ನನ್ನೇ ಕರೀತಾರೆ ಕಣ್ ಮೇಡಂ,” ಎಂದರು.

ಸುಮಿತ್ರಮ್ಮನವರು ನಗಲಿಲ್ಲ. ಕಡತದಿಂದ ಆರೋಪಿಯ ಮೊದಲ ಬಂಧನದ ಪತ್ರ ತೆಗೆದರು. ಎತ್ತರ 172 ಸೆಂಟಿಮೀಟರ್ ಎಂದಿತ್ತು. ಎದುರಿಗಿದ್ದ ಚಿಕ್ಕಯ್ಯನವರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಕಡತದ ರಟ್ಟು ಇಟ್ಟು, ಪೆನ್ಸಿಲ್ ಗೀಟು ಎಳೆದರು. “ಸೈನ್ಸ್ ಓದಿದವನಲ್ವೇನಪ್ಪ, ಅಳೆದ್ಬುಡು,” ಎಂದು ಟೇಪು ಕೊಟ್ಟರು.

ಅಳೆದೆ. ಆಮೇಲೆ, ವಾರಂಟಿನಲ್ಲಿ ಖಾಲಿ ಬಿಟ್ಟಿದ್ದ ತಂದೆಯ ಹೆಸರನ್ನು ಈಗ ತುಂಬಿಬಿಡಲೇ ಎಂದು ಸುಮಿತ್ರಮ್ಮನವರನ್ನು ಮೆಲ್ಲಗೆ ಕೇಳಿದೆ.

“ತುಂಬಿದ್ರೆ ನೀನು ಉಳ್ಕೋತೀಯ, ಕೇಸು ಉಳಿಯಲ್ಲ. ಆಗಿದ್ದನ್ನ ಆದ ಹಾಗೆ ಬರಿ.”

ನ್ಯಾಯಾಧೀಶರಿಗೆ ನಾನು ಬರೆದ ವರದಿಗೆ, ವಾರಂಟನ್ನು ಪರಿಶೀಲಿಸಬೇಕಾದದ್ದು ತಮ್ಮ ಹೊಣೆಯಾಗಿತ್ತೆಂದು ಅವರು ಒಂದು ಸಾಲು ಸೇರಿಸಿ, ಮೊದಲು ತಾವೇ ಸಹಿ ಹಾಕಿದರು. ನ್ಯಾಯಾಧೀಶರು ಚಿಕ್ಕಯ್ಯನವರನ್ನು ಕೂಡಲೇ ಬಿಟ್ಟರು. ನನಗೆ ಒಂದು ಮೆಮೊ ಬಂತು, ಕೆಲಸ ಉಳಿಯಿತು.

ತಿಂಗಳ ನಂತರ ಸರಿಯಾದ ವಾರಂಟಿನ ಮೇಲೆ ನಿಜವಾದ ಆರೋಪಿ ಸಿಕ್ಕ. ನಾನು ಬರೆದಿದ್ದ ವಾರಂಟೇ ತಪ್ಪಾದ್ದರಿಂದ ಪ್ರಕರಣವೇ ನಿಲ್ಲದೆಂದು ಅವನ ವಕೀಲರು ವಾದಿಸಿದರು. ವಾರಂಟಿನ ದೋಷ ಬೇರೆ, ಅಪರಾಧದ ಸಾಕ್ಷ್ಯ ಬೇರೆ, ದೋಷವನ್ನು ಮುಚ್ಚಿಡದೆ ಅಂದೇ ದಾಖಲಿಸಿ ಸರಿಪಡಿಸಲಾಗಿದೆ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅಂದಿನಿಂದ ನಮ್ಮಲ್ಲಿ ಪ್ರತಿ ವಾರಂಟನ್ನೂ ಸಹಿಗೆ ಮುನ್ನ ಒಬ್ಬರು ಮೂಲ ಕಡತದಿಂದ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಟಿಕ್ ಹಾಕುತ್ತಾರೆ. ತಡವಾಗುತ್ತದೆಂದು ಗೊಣಗಿದವರಲ್ಲಿ ನಾನೂ ಒಬ್ಬ.

ಸುಮಿತ್ರಮ್ಮನವರು ಆರೋಗ್ಯದಿಂದ ನೂರು ವರ್ಷ ಬಾಳಲಿ. ಹೊಸ ಗುಮಾಸ್ತರಿಂದ ಓದಿಸಿ ಟಿಕ್ ಹಾಕಿಸಲು ಆಗಾಗ ಬರುತ್ತಿರಲಿ. ಕಚೇರಿಗೆ ಎರಡು ಸಲ ಬಣ್ಣ ಬಳಿದಾಗಲೂ ಆ ಗೀಟಿನ ಮೇಲೆ ಬಳಿಯಲು ಅವರು ಬಿಡಲಿಲ್ಲ. ನೆಲದಿಂದ ಅದರ ಎತ್ತರ 158 ಸೆಂಟಿಮೀಟರ್.