ಎರಡು ಬಲತೋಳಿನ ಪ್ರಮೇಯ

ನಮ್ಮ ಬೀದಿಯ ಸುಳಿ ಮೇಷ್ಟ್ರು ಹನ್ನೊಂದು ವರ್ಷ ಶೂನ್ಯವನ್ನು ಬೆನ್ನಟ್ಟಿದ ಮಹಾವೀರರು. ರಣರಂಗ, ವಿಶ್ವವಿದ್ಯಾಲಯದ ಮೂರನೇ ಮಹಡಿ. ಹುದ್ದೆ ತಾತ್ಕಾಲಿಕ. ಶತ್ರುವಿನ ಹೆಸರು ಸಾಲಿಟಾನ್. ಅಂದರೆ ತನ್ನೊಳಗೇ ತಿರುಚಿಕೊಂಡು, ಎಷ್ಟು ಎಳೆದಾಡಿದರೂ ಬಿಚ್ಚಿಕೊಳ್ಳದ ಹಟಮಾರಿ ಸುಳಿ. ಬಲಕ್ಕೆ ತಿರುಚಿದ್ದರೆ ಪ್ಲಸ್ ಒಂದು, ಎಡಕ್ಕಾದರೆ ಮೈನಸ್ ಒಂದು. ತಾವು ಕಂಡುಹಿಡಿದ ಎರಡು ಸುಳಿಗಳು, ಒಂದು ಬಲದ್ದು ಒಂದು ಎಡದ್ದು, ಕೂಡಿದರೆ ಒಂದನ್ನೊಂದು ನುಂಗಿ ಶೂನ್ಯವಾಗುತ್ತವೆ ಎಂಬುದು ಮೇಷ್ಟ್ರ ಪ್ರಮೇಯ. ಬುಧವಾರ ಅದನ್ನು ಸಮಿತಿಯ ಮುಂದೆ ಮಂಡಿಸಿ ಗೆದ್ದರೆ ಕೆಲಸ ಕಾಯಂ, ಸೋತರೆ ಗಂಟುಮೂಟೆ.

ಕೋಣೆಯ ಕಪ್ಪುಹಲಗೆಗೆ ಅಡ್ಡವಾಗಿ ಕಚೇರಿಯವರು ಬೀರು ನಿಲ್ಲಿಸಿದ್ದರಿಂದ ಮೇಷ್ಟ್ರು ಕಾರಿಡಾರಿನ ಕಡೆಯ ಕಿಟಕಿಗಾಜಿನ ಮೇಲೇ ಚಿತ್ರ ಬರೆಯುತ್ತಿದ್ದರು. ಸಮಿತಿಗೆ ಗಣಿತ ಅರ್ಥವಾಗದಿದ್ದರೂ ಬಟ್ಟೆ ಅರ್ಥವಾದೀತೆಂದು ಮಂಗಳವಾರ ಹೆಂಡತಿಯನ್ನು ಕರೆಸಿದರು. ಆಕೆ ಬೀದಿ ಮೂಲೆಯ ದರ್ಜಿ. ಗಾಜು ನೋಡಿಕೊಂಡು ಎರಡು ಬಟ್ಟೆಯ ಪಟ್ಟಿ ತಿರುಚಿ, ಜೋಡಿಸಿ, ಒಂದೇ ಬಳೆಯಾಗಿ ಹೊಲಿದಳು. ಪ್ರಮೇಯದ ಪ್ರಕಾರ ಅದು ತಟ್ಟೆಯಂತೆ ಮಲಗಬೇಕಿತ್ತು. ಚೇಳಿನ ಕೊಂಡಿಯಂತೆ ಸೆಟೆದು ನಿಂತಿತು.

"ಹೊಲಿಗೆ ತಪ್ಪಿದೆ ಕಣೇ."

"ಇಪ್ಪತ್ತು ವರ್ಷದಿಂದ ಮಿಷನ್ ತುಳೀತಿದೀನಿ. ಒಂದೇ ಅಂಗಿಗೆ ಎರಡು ಬಲತೋಳು ಇಟ್ಟೋಳಲ್ಲ ನಾನು. ಗಾಜಿನ ಮೇಲೆ ಎರಡೂ ಬಲಕ್ಕೇ ತಿರುಗಿವೆ. ನಿಮ್ಮ ನೋಟ್‌ಬುಕ್ಕಲ್ಲಿ ಮಾತ್ರ ಒಂದು ಎಡಕ್ಕೆ. ಎರಡನೇದನ್ನ ಎಲ್ಲಿ ಕೂತು ಬರ್ಕೊಂಡ್ರಿ?"

"ಕಾರಿಡಾರಲ್ಲಿ. ಸೊಂಟ ನೋವಿತ್ತು, ಅಲ್ಲಿ ಬೆಂಚಿತ್ತು."

"ಗಾಜಿನ ಹಿಂದುಗಡೆಯಿಂದ! ಅಲ್ಲಿಂದ ಬಲ ಎಡವಾಗೇ ಕಾಣೋದು. ಬಟ್ಟೆ ತಿರುವಿ ಹಾಕಿ ಕತ್ತರಿಸಿದೀನಿ ಅಂತ ಹೇಳ್ರೀ."

ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ಮೇಷ್ಟ್ರಿಗೆ ಸಿಕ್ಕಿದ್ದು ಕನ್ನಡಿಯೊಳಗಿನ ಇಲಿ.

"ನಾಳೆ ಏನಂತ ಹೇಳ್ಲಿ?" ಮೇಷ್ಟ್ರ ಧ್ವನಿ ಪಾತಾಳದಿಂದ ಬಂತು.

"ಬಿಚ್ಚಲ್ಲ ಅಂತಾನೇ ಹೇಳಿ. ಬಿಚ್ಚದ ಹೊಲಿಗೆಗೆ ನಮ್ಮ ಅಂಗಡೀಲಿ ಮರ್ಯಾದೆ ಜಾಸ್ತಿ."

ಬುಧವಾರ ಮೇಷ್ಟ್ರು ಹೆಂಡತಿ ಹೊಲಿದ ಪಟ್ಟಿಯನ್ನು ಸಮಿತಿಯ ಮುಂದೆ ಹಿಡಿದು ಮೊದಲ ಮಾತಿನಲ್ಲೇ ತಪ್ಪೊಪ್ಪಿಕೊಂಡರು. ಅಷ್ಟರವರೆಗೆ ಆಕಳಿಸುತ್ತಿದ್ದ ಅಧ್ಯಕ್ಷರು ನೆಟ್ಟಗೆ ಕೂತರು. ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಹೇಳಿದ್ದರಲ್ಲಿ ಅವರಿಗೆ ಅರ್ಥವಾದ ಮೊದಲ ಸಂಗತಿ ಅದು.

"ಹಾಗಾದ್ರೆ ಇವು ಶೂನ್ಯ ಆಗೋದೇ ಇಲ್ವೇನ್ರೀ?"

"ಇಲ್ಲ ಸರ್. ಒಂದಕ್ಕೊಂದು ಸೇರಿ ಎರಡು. ಕತ್ತರಿ ಹಾಕದೆ ಜಪ್ಪಯ್ಯ ಅಂದ್ರೂ ಬಿಚ್ಚಲ್ಲ. ರಾತ್ರಿಯೆಲ್ಲ ಕೂತು ಸಾಧಿಸಿದೀನಿ."

"ಕೊಡಿ ಇಲ್ಲಿ!"

ಮೂವರು ಮಹಾಪಂಡಿತರು ಪಟ್ಟಿಯ ಮೇಲೆ ಮುಗಿಬಿದ್ದರು. ಒಬ್ಬರು ಎಳೆದರು, ಒಬ್ಬರು ಹಿಂಡಿದರು. ಕೊನೆಗೆ ಅಧ್ಯಕ್ಷರು ಅದನ್ನು ಕುರ್ಚಿಯ ಮೇಲಿಟ್ಟು, ತಮ್ಮ ಪದವಿಯ ಪೂರ್ಣ ಭಾರದೊಂದಿಗೆ ಐದು ನಿಮಿಷ ಅದರ ಮೇಲೆ ವಿರಾಜಮಾನರಾದರು. ಎದ್ದ ಕೂಡಲೇ ಪಟ್ಟಿಯೂ ಎದ್ದಿತು.

ಅಧ್ಯಕ್ಷರು ಬೆವರು ಒರೆಸಿಕೊಂಡು ಗುಮಾಸ್ತರ ಕಡೆ ತಿರುಗಿದರು.

"ಬರ್ಕೊಳ್ರೀ. ಸಮಿತಿ ಖುದ್ದಾಗಿ ಪರೀಕ್ಷಿಸಿತು. ಬಿಚ್ಚಲಿಲ್ಲ. ಕಾಯಂ."