ಮೈಲುತುತ್ತು ತಿಂದ ಇಂಜಿನು

ನನ್ನ ತಮ್ಮ ನನ್ನನ್ನು ಕೇಳದೆ ನನ್ನ ಮೋಟಾರ್ ಸೈಕಲನ್ನು ನನ್ನ ಶೆಡ್ಡಿನಿಂದ ಹೊರಗೆಳೆದು, ತನ್ನ ಮನೆಯ ಮದ್ದಿನ ಕೋಣೆಯಲ್ಲಿ ಮೈಲುತುತ್ತಿನ ಚೀಲಗಳಿಗೆ ತಾಗಿಸಿ, ಇಡೀ ಒಂದು ಮಳೆಗಾಲ ಅಲ್ಲೇ ಬಿಟ್ಟ. ಅದಕ್ಕಾಗಿ ಈವರೆಗೆ ಒಂದು ಮಾತಿನ ವಿಷಾದವನ್ನೂ ಸೂಚಿಸಿಲ್ಲ. ನಡೆದದ್ದು ಇಷ್ಟು. ಇನ್ನು ಬರೆಯುವುದು ಇದರ ವಿವರಣೆ. ಜೊತೆಗೆ, ಈ ಅನ್ಯಾಯ ನಡೆಯದಿದ್ದರೆ ನಾನು ಈ ಜನ್ಮದಲ್ಲಿ ಕಾಣದೆ ಹೋಗುತ್ತಿದ್ದ ಕೆಲವು ಸಂಗತಿಗಳ ವೃತ್ತಾಂತ.

ನಮ್ಮಿಬ್ಬರ ಮನೆಗಳು ಕುಂಬ್ಡಾಜೆಯ ಒಂದೇ ಗುಡ್ಡದ ಇಳಿಜಾರಿನಲ್ಲಿವೆ. ನಡುವೆ ಇರುವುದು ಎದೆಯೆತ್ತರದ ಒಂದು ಕೆಂಪುಕಲ್ಲಿನ ಗೋಡೆ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಬೇಸಗೆಯಲ್ಲಿ ಮಂಗಳೂರಿಗೆ ಹೋದ ನಾನು ಮಳೆಗಾಲ ಮುಗಿಯುವ ತನಕ ಮಗಳ ಮನೆಯಲ್ಲಿದ್ದೆ. ಹೆಂಡತಿಯೂ ಜೊತೆಗಿದ್ದಳು. ಬೀಗದ ಕೈ ತಮ್ಮನಲ್ಲಿತ್ತು. ಆ ನಡುವೆ ಅವನ ಮೊಮ್ಮಗನ ಉಪನಯನವಾಯಿತು. ಅಡುಗೆಯವರಿಗೆ ಜಾಗ ಬೇಕೆಂದು ನನ್ನ ಶೆಡ್ಡನ್ನು ತೆರೆದರು. ಆ ಉಪನಯನದ ಹೇಳಿಕೆ, ಅಂದರೆ ಆಮಂತ್ರಣ, ನನಗೆ ತಲುಪಿದ್ದು ಮಗಳ ಫೋನಿಗೆ ಬಂದ ಒಂದು ಚಿತ್ರದ ಮೂಲಕ. ಒಡಹುಟ್ಟಿದ ಅಣ್ಣನಿಗೆ ಹೇಳಿಕೆ ಹೇಳುವ ಕ್ರಮ ಅದಲ್ಲ. ಆದರೆ ಅದು ಬೇರೆಯೇ ಪ್ರಕರಣ, ಇಲ್ಲಿ ಬೆರೆಸುವುದಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು, ಸುಣ್ಣಗಳನ್ನು ಇಡುವುದು ಮದ್ದಿನ ಕೋಣೆಯಲ್ಲಿ. ಮೈಲುತುತ್ತು ಪಸೆ ಹಿಡಿಯಬಾರದೆಂದು ನಮ್ಮ ಕಡೆ ಅದಕ್ಕೆ ಮನೆಯ ಅತ್ಯಂತ ಒಣಗಿದ ಕೋಣೆಯನ್ನೇ ಬಿಟ್ಟುಕೊಡುತ್ತಾರೆ. ನಾನು ಹಿಂತಿರುಗಿ ಬಂದು ವಿಚಾರಿಸಿದಾಗ ತಮ್ಮ ಹೇಳಿದ:

"ಎಂತ ಅಣ್ಣ ನೀನು? ಇಡೀ ಮನೆಯಲ್ಲಿ ಅಷ್ಟು ಒಣಗಿದ ಜಾಗ ಬೇರೆ ಇಲ್ಲ. ನನ್ನ ಕಾರನ್ನೇ ನಾನು ಹೊರಗೆ ಮಳೆಗೆ ನಿಲ್ಲಿಸಿದ್ದು, ಗೊತ್ತುಂಟಾ?"

ಕೋಣೆ ಒಣಗಿತ್ತು, ಒಪ್ಪುತ್ತೇನೆ. ಆದರೆ ಮದ್ದು ಬಿಡುವ ದಿನಗಳಲ್ಲಿ ಅಲ್ಲಿಗೆ ಒದ್ದೆ ಕೈಗಳು, ಒದ್ದೆ ಬಕೆಟುಗಳು ಹೋಗಿ ಬರುತ್ತವೆ. ಚೀಲಗಳ ಬಾಯಿ ಬಿಚ್ಚಿಯೇ ಇರುತ್ತದೆ. ನೀಲಿ ಹುಡಿ ಎಲ್ಲದರ ಮೇಲೂ ಕೂರುತ್ತದೆ. ಮೈಲುತುತ್ತನ್ನು ಕಬ್ಬಿಣ, ಅಲ್ಯುಮಿನಿಯಮ್ಮಿನ ಪಾತ್ರೆಯಲ್ಲಿ ಕರಗಿಸಬಾರದು, ಅದು ಪಾತ್ರೆಯನ್ನು ತಿನ್ನುತ್ತದೆ ಎಂದು ಕೆಲಸದವರಿಗೆ ಪ್ರತಿ ವರ್ಷ ಎಚ್ಚರಿಕೆ ಹೇಳುವವನು ಇದೇ ತಮ್ಮ. ಇಂಜಿನನ್ನು ಮಾಡುವುದೂ ಆ ಎರಡು ಲೋಹಗಳಿಂದಲೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ನೌಕರಿ ಕಾಯಂ ಆದಾಗ ಕೊಂಡ ಗಾಡಿ ಅದು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದ, ಒಂದೇ ಸಿಲಿಂಡರಿನ, ಮೈಲಾಚೆಯಿಂದಲೇ ಗುರುತು ಹಿಡಿಯಬಹುದಾದ ದನಿಯ ಗಾಡಿ. ಮದ್ದಳೆಯನ್ನು ತೊಡೆಯ ಮೇಲಿಟ್ಟುಕೊಂಡ ಮಿತ್ರನನ್ನು ಹಿಂದೆ ಕೂರಿಸಿಕೊಂಡು ಎಡನೀರಿನ ತಾಳಮದ್ದಳೆಗೆ ಅದರಲ್ಲೇ ಹೋಗುತ್ತಿದ್ದೆ. ಬೇರೆ ಗಾಡಿಯನ್ನು ನಾನು ಕೊಂಡವನಲ್ಲ.

ಕೋಣೆಯಿಂದ ಹೊರಗೆ ತಂದು ಬಿಸಿಲಿಗೆ ನಿಲ್ಲಿಸಿದಾಗ ಮೊದಲು ಕಂಡದ್ದು ಬಣ್ಣ. ಸಿಲಿಂಡರಿನ ಕಬ್ಬಿಣದ ರೆಕ್ಕೆಗಳ ಮೇಲೆ ಅಲ್ಲಲ್ಲಿ ತೆಳುವಾದ ಕೆಂಪು ಹೊಳಪು. ತುಕ್ಕೆಂದು ಉಗುರಿನಿಂದ ಕೆರೆದೆ. ತುಕ್ಕಲ್ಲ, ಅಪ್ಪಟ ತಾಮ್ರ! ಮೈಲುತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿ, "ನೋಡಿ, ತಾಮ್ರ ಬಂದು ಕುಳಿತುಕೊಂಡಿತು" ಎಂದು ಸೇವೆಯುದ್ದಕ್ಕೂ ಮಕ್ಕಳಿಗೆ ತೋರಿಸಿದ ಪ್ರಯೋಗ ನನ್ನ ಸ್ವಂತ ಇಂಜಿನಿನ ಮೇಲೆ, ಯಾರೂ ಬಯಸದೆ, ಅಷ್ಟು ಅಚ್ಚುಕಟ್ಟಾಗಿ ನಡೆದುಹೋಗಿತ್ತು. ಸಿಟ್ಟಿನಿಂದ ಕೆರೆಯುತ್ತಿದ್ದವನು ಆ ಕೆಂಪನ್ನು ನೋಡುತ್ತಾ ಒಂದು ಗಳಿಗೆ ಸಿಟ್ಟನ್ನು ಮರೆತೆ. ಒಂದೇ ಗಳಿಗೆ.

ಕೈಯಿಂದ ಒತ್ತಿದರೂ ಕಿಕ್ಕರು ಅಲುಗಲಿಲ್ಲ. ಅದಕ್ಕಿಂತ ದೊಡ್ಡ ಗಾಯ ಕೆಳಗಿತ್ತು. ಇಂಜಿನಿನ ತಳಭಾಗ ಅಲ್ಯುಮಿನಿಯಮ್ಮಿನ ಎರಡು ಚಿಪ್ಪುಗಳು, ಕೇಸುಗಳು. ಎಡಬದಿಯ ಕೇಸಿನಲ್ಲಿ, ಮುಖ್ಯ ಬೇರಿಂಗು ಕೂರುವ ಜಾಗದ ಹೊರಮೈಯಲ್ಲಿ, ಬಿಳಿ ಹುಡಿ ಉದುರುವ ಒಂದು ಕುಳಿ ಬಿದ್ದಿತ್ತು. ಕುಳಿ ಒಳಗಿನ ತನಕ ಹೋಗಿದ್ದರೆ ಬೇರಿಂಗಿಗೆ ಹಿಡಿತವಿಲ್ಲ, ಕೇಸು ಗುಜರಿಗೆ. ಇಂಜಿನಿನ ನಂಬರು ಕೊರೆದಿರುವುದು ಆ ಕೇಸಿನ ಮೇಲೆಯೇ. ಅದು ಹೋದರೆ ಉಳಿದ ಭಾಗಗಳೆಲ್ಲ ಇದ್ದರೂ ಅದು ನನ್ನ ಗಾಡಿಯಲ್ಲ.

ಗೋಡೆಯ ಆಚೆಯಿಂದ ತಮ್ಮ ಪರಿಹಾರ ಹೇಳಿದ: "ಇಷ್ಟಕ್ಕೆಲ್ಲ ಎಂತಕ್ಕೆ ಮಂಡೆಬಿಸಿ? ಕಾಸರಗೋಡಿನ ಗುಜರಿಯಲ್ಲಿ ಇಂಥ ಇಂಜಿನು ಬೇಕಾದಷ್ಟು ಉಂಟು. ಒಂದು ತರಿಸಿ ಕೂರಿಸುವ."

"ನಿನ್ನ ಮಂಡೆಗೂ ಅಲ್ಲೇ ಒಂದು ಸಿಗ್ತದಾ ನೋಡು" ಎಂದೆ. ಆಮೇಲೆ ಕೆಲವು ದಿನ ಗೋಡೆಯ ಬಳಿಗೆ ಅವನು ಬರಲಿಲ್ಲ.

ಹಿಂಬದಿಯ ಜಗಲಿಯಲ್ಲಿ ಮೇಜು ಹಾಕಿ ನಾನೇ ಬಿಚ್ಚತೊಡಗಿದೆ. ಚಕ್ರ, ಕಾರ್ಬುರೇಟರುಗಳನ್ನು ಹಿಂದೆ ಬಿಚ್ಚಿದ್ದುಂಟು. ಇಂಜಿನಿನ ಹೊಟ್ಟೆಯನ್ನು ತೆರೆದವನಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಿಸ್ಟನ್ನಿನ ಮೇಲೆ ಸೀಮೆಎಣ್ಣೆ ಹೊಯ್ದು ಕಾದೆ. ಹಲಸಿನ ಮರದ ತುಂಡೊಂದನ್ನು ಇಟ್ಟು ಮೆಲ್ಲಗೆ ಬಡಿದೆ. ಹಟಕ್ಕೆ ಬಿದ್ದರೆ ಒಡೆಯುತ್ತದೆಂದು ಗೊತ್ತಿತ್ತು. ಬಡಿಯುವುದು, ಬಿಡುವುದು, ಮತ್ತೆ ಎಣ್ಣೆ ಹೊಯ್ಯುವುದು. ಒಂದು ಬೆಳಿಗ್ಗೆ ಅದು ಕೂದಲೆಳೆಯಷ್ಟು ಜಾರಿತು. ಕಾಫಿ ಕುಡಿಯಲಿಕ್ಕೆ ಕರೆಯಲು ಬಂದ ಹೆಂಡತಿಯ ಕೈಯನ್ನೇ ಹಿಡಿದುಕೊಂಡೆ. "ಎಂತಾಯ್ತು ನಿಮಗೆ!" ಎಂದು ಅವಳು ಹೆದರಿದಳು.

ಎರಡು ಕೇಸುಗಳನ್ನು ಬೇರ್ಪಡಿಸಿದ ದಿನವನ್ನು ನಾನು ಮರೆಯಲಾರೆ. ಹೊರಗೆ ಅಷ್ಟು ಹಾಳಾಗಿದ್ದ ಕೇಸುಗಳ ಒಳಗೆ ಒಂದು ಕಲೆಯೂ ಇರಲಿಲ್ಲ. ತಳದಲ್ಲಿ ಜೋನಿಬೆಲ್ಲದ ಬಣ್ಣದ ಎಣ್ಣೆ. ಅದರ ಮೇಲೆ ಬೀಸುವ ಕಲ್ಲುಗಳಂತೆ ಎದುರುಬದುರಾಗಿ ನಿಂತ ಎರಡು ಉಕ್ಕಿನ ಚಕ್ರಗಳು. ಎರಡು ಕೈಗಳಿಂದ ಎತ್ತಬೇಕಾದಷ್ಟು ಭಾರವಿದ್ದರೂ ಒಂದು ಬೆರಳು ತಾಗಿಸಿದರೆ ಸದ್ದಿಲ್ಲದೆ ತಿರುಗಿದವು. ಅವುಗಳ ಮೈಯಲ್ಲಿ ನನ್ನ ಮುಖ, ಹಿಂದಿದ್ದ ಜಗಲಿಯ ಕಂಬ, ಅದರಾಚೆಯ ಆಕಾಶ ಕಾಣಿಸಿದವು. ಒಂದರ ಅಂಚಿನಲ್ಲಿ ಯಾರೋ ಸಣ್ಣ ಉಳಿಯಿಂದ ಒಂದು ಚುಕ್ಕೆ ಹೊಡೆದಿದ್ದರು. ಎದುರಿನ ಚಕ್ರದಲ್ಲಿ ಅದಕ್ಕೆ ಸರಿಯಾಗಿ ಇನ್ನೊಂದು. ಇದಕ್ಕೆ ಇದೇ ಜೋಡಿ ಎಂಬ ಗುರುತು. ಮುಚ್ಚಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಶ್ರದ್ಧೆಯನ್ನು ಇಟ್ಟುಹೋದವನ ಊರಾಗಲಿ, ಭಾಷೆಯಾಗಲಿ ನನಗೆ ತಿಳಿಯದು. ಇಂಥದ್ದರ ಮೇಲೆ ಇಷ್ಟು ಕಾಲ ಕುಳಿತು ತಿರುಗಿದೆನಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ಆದರೆ ಕುಳಿಯ ಪ್ರಶ್ನೆ ಹಾಗೆಯೇ ಇತ್ತು. ಬೇರಿಂಗನ್ನು ತೆಗೆಯದೆ ಅದರ ಹಿಂದಿನ ಗೋಡೆ ಕಾಣುವುದಿಲ್ಲ. ಬಡಿದು ತೆಗೆದರೆ ಕೇಸು ಸೀಳುತ್ತದೆ. ಬಿಸಿ ಮಾಡಿದರೆ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಹಿಡಿತ ಸಡಿಲಿಸುತ್ತದೆ. ಆದರೆ ಬೆಂಕಿ ಒಂದೇ ಬದಿಗೆ ತಾಗಿದರೆ ಕೇಸು ಸೊಟ್ಟಗಾಗುತ್ತದೆ. ಸುತ್ತಲಿಂದಲೂ ಸಮನಾಗಿ ಬೇಯಬೇಕು. ಹಾಗೆ ಬೇಯಿಸುವ ಸಾಧನ ನಮ್ಮ ಮನೆಯಲ್ಲಿ ಒಂದೇ: ತಿಥಿ, ಹಬ್ಬಗಳಿಗೆ ಕಡುಬು ಬೇಯಿಸುವ ದೊಡ್ಡ ಅಟ್ಟಿನಳಗೆ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಆಯ್ತು ಮಾರಾಯ್ರೆ, ಇದೊಂದು ಬಾಕಿ ಇತ್ತು. ಇದರ ಅಡಿಗೆ ಬಾಳೆಲೆ ಹಾಸ್ಬೇಕಾ?"

"ಸಾಬೂನು ಹಾಕಿ ಮೂರು ಸರ್ತಿ ತೊಳೆದಿದ್ದೇನೆ."

"ನಿಮ್ಮ ಕೈಯನ್ನು ತೊಳೆದಿದ್ದೀರಾ? ಅದನ್ನು ಹೇಳಿ." ಬೈಯುತ್ತಲೇ ಒಲೆ ಹೊತ್ತಿಸಿದಳು. ಹಬೆ ಬಂದ ಮೇಲೆ ಕೇಸನ್ನು ಒಳಗಿಟ್ಟು ಮುಚ್ಚಿದೆವು. ನಾನು ನಡುವೆ ಮುಚ್ಚಳ ತೆಗೆಯಲು ಹೋದರೆ ಕೈಗೆ ಪೆಟ್ಟು ಕೊಟ್ಟಳು: "ಹಬೆ ಬಿಟ್ರೆ ಕಡುಬೂ ಏಳುವುದಿಲ್ಲ, ನಿಮ್ಮ ಇಂಜಿನೂ ಏಳುವುದಿಲ್ಲ. ಸುಮ್ಮನೆ ಕೂರಿ."

ಅವಳು ಸಾಕೆಂದಾಗ ದಪ್ಪ ಬಟ್ಟೆಯಲ್ಲಿ ಹಿಡಿದು ಹೊರತೆಗೆದು, ಬೋರಲಾಗಿ ಹಲಗೆಯ ಮೇಲೆ ಒಮ್ಮೆ ತಟ್ಟಿದೆ. ಬೇರಿಂಗು ಮಾಗಿದ ಹಣ್ಣು ತೊಟ್ಟು ಕಳಚಿದಂತೆ ಹಲಗೆಗೆ ಬಿತ್ತು. ಕೇಸನ್ನು ಮಗುಚಿ ನೋಡುವ ಧೈರ್ಯ ನನಗೆ ಸ್ವಲ್ಪ ಹೊತ್ತು ಬರಲಿಲ್ಲ. ಹೆಂಡತಿಯೇ ಬಗ್ಗಿ ನೋಡಿ, "ಬೆಳ್ಳಿ ಬಟ್ಟಲಿನ ಹಾಗೆ ಉಂಟಲ್ಲ!" ಎಂದಳು.

ನಿಜವಾಗಿಯೂ ಹಾಗೆಯೇ ಇತ್ತು. ಬೆರಳಾಡಿಸಿದೆ, ಒಂದು ತಗ್ಗು ಸಿಗಲಿಲ್ಲ. ಹೊರಗಿನಿಂದ ಕೊರೆಯುತ್ತಾ ಬಂದ ಕುಳಿ ಕಾಗದದಷ್ಟು ದೂರದಲ್ಲಿ ನಿಂತಿತ್ತೋ, ಬೆರಳಿನಷ್ಟು ದೂರದಲ್ಲೋ, ಹೇಳಲಾರೆ, ಒಳಗೆ ಬಂದಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ.

ಹೊಸ ಬೇರಿಂಗನ್ನು ಕಾಯಿತುರಿಯ ಡಬ್ಬದ ಪಕ್ಕ ಫ್ರೀಜರಿನಲ್ಲಿಟ್ಟು, ಕೇಸನ್ನು ಇನ್ನೊಮ್ಮೆ ಹಬೆಗಿಟ್ಟೆವು. ಕುಗ್ಗಿದ್ದನ್ನು ಹಿಗ್ಗಿದ್ದರ ಬಾಯಿಗೆ ಹಿಡಿದು ಕೈ ಬಿಟ್ಟೆ. ಟಪ್ಪೆಂದು ಇಳಿದು ಕುಳಿತಿತು. ಕ್ಷಣ ಕಳೆದು ಎಳೆದು ನೋಡಿದರೆ ಮೈಬಲವೆಲ್ಲ ಹಾಕಿದರೂ ಕದಲಲಿಲ್ಲ. ಬಿಸಿಯಿಂದ ಲೋಹ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ ಎಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದು ಇಷ್ಟು ಸುಂದರವಾದ ಮಾತೆಂದು ಬರೆಯುವಾಗ ತಿಳಿದಿರಲಿಲ್ಲ.

ಎಲ್ಲ ಜೋಡಿಸಿ ಮುಗಿದಾಗ ಅಂಗಳದಲ್ಲಿ ಚಳಿಗಾಲದ ಬಿಸಿಲಿತ್ತು. ಶಸ್ತ್ರಚಿಕಿತ್ಸೆಯಾದ ಕಾಲಿನಿಂದ ಒದೆಯುವಂತಿರಲಿಲ್ಲ. ಗಾಡಿಯನ್ನು ಗೇರಿನಲ್ಲಿಟ್ಟು ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದೆ. ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದೆ. ಆಮೇಲೆ ಆ ದನಿ ಬಂತು. ಒಂದೊಂದು ಬಡಿತವೂ ಬೇರೆಬೇರೆ ಕೇಳುವಷ್ಟು ನಿಧಾನ. ಹೆಂಡತಿ ಸೆರಗಿನಿಂದ ಕಣ್ಣೊರಸಿಕೊಂಡು, ಹೊಗೆ ಎಂದಳು.

ದನಿ ಕೇಳಿ ಗೋಡೆಯ ಬಳಿಗೆ ತಮ್ಮ ಬಂದ. ಮುಖದ ತುಂಬ ನಗು. "ಕಂಡೆಯಾ ಅಣ್ಣ? ಎಂತದೂ ಆಗಲಿಲ್ಲ. ನಾನು ಅವತ್ತೇ ಹೇಳಿದ್ದೆ, ಒಣಗಿದ ಜಾಗ ಅಂತ."

ಅಂದಿನಿಂದ ಪೇಟೆಯಲ್ಲೂ ಮದುವೆಮನೆಗಳಲ್ಲೂ ಅವನು ಇದನ್ನೇ ಹೇಳುತ್ತಾ ಬಂದಿದ್ದಾನೆ. ಗಾಡಿ ಓಡುತ್ತಿರುವುದು ಅವನ ಕೋಣೆಗೆ ಸಿಕ್ಕ ಸರ್ಟಿಫಿಕೇಟೆಂಬಂತೆ ಜನ ತಲೆಯಾಡಿಸುತ್ತಾರೆ. ಆದ್ದರಿಂದ, ತಮ್ಮಾ, ಎಲ್ಲರೆದುರು ನಿನ್ನನ್ನೇ ಕೇಳುತ್ತೇನೆ: ಆ ಕೇಸನ್ನು ಹಬೆಯಿಂದ ತೆಗೆದು ಮಗುಚಿದಾಗ ಒಳಗೆ ತೂತು ಕಂಡಿದ್ದರೆ, ಗೋಡೆಯ ಬಳಿಗೆ ಬಂದು ನೀನು ನನಗೆ ಏನು ಹೇಳುತ್ತಿದ್ದೆ? ಅದನ್ನು ಈಗ ಹೇಳಲಿಕ್ಕೆ ನಿನಗೆ ಏನು ಅಡ್ಡಿ?