ಸೊನ್ನೆಯಲ್ಲದ ಉತ್ತರ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಚೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಗಣಿತಕ್ಕೆ ನಾವು ಹದಿನಾಲ್ಕು ಜನ, ಹುಡುಗಿ ನಾನೊಬ್ಬಳೇ. ದಿನವೂ ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಅಬ್ಬಾ, ಅಂದರೆ ನಮ್ಮಪ್ಪ, ಮಾನ್ವಿಯ ಬಜಾರಿನಲ್ಲಿ ದರ್ಜಿ. ಮನೆಯ ಮಾತು ದಖನಿ ಉರ್ದು, ಕಾಲೇಜಿನದು ಕನ್ನಡ, ಪುಸ್ತಕದ್ದು ಇಂಗ್ಲಿಷ್.

ಕಾಂಪ್ಲೆಕ್ಸ್ ಅನಾಲಿಸಿಸ್ ಕಲಿಸುತ್ತಿದ್ದ ಲೆಕ್ಚರರು ಹಳೆಯ ನೋಟ್ಸು ನೋಡಿ ಬರೆಸುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ, "ಬಾಯಿಪಾಠ ಮಾಡ್ರಿ, ಪರೀಕ್ಷಾದಾಗ ಇದೇ ಬರ್ತದ" ಎನ್ನುತ್ತಿದ್ದರು. ನನಗೆ ಬಾಯಿಪಾಠ ಬೇಕಿರಲಿಲ್ಲ. ಒಂದೇ ಗೆರೆಯ ಮೇಲೆ ನಿಲ್ಲುತ್ತಿದ್ದ ಸಂಖ್ಯೆಗಳು ಇಡೀ ಹಾಳೆಯ ತುಂಬ ಹರಡಿಕೊಂಡಿದ್ದು ನನಗೆ ಹಿಡಿಸಿಬಿಟ್ಟಿತ್ತು. ವೃತ್ತದ ಮೇಲೆ ಒಂದು ಸುತ್ತು ಬಂದು ಸಮಾಕಲ, ಅಂದರೆ ಇಂಟಿಗ್ರಲ್, ತೆಗೆದಾಗ, ಒಳಗೆ ಎಲ್ಲೂ ಲೆಕ್ಕ ಮುರಿಯುವ ಬಿಂದು ಇಲ್ಲದಿದ್ದರೆ ಉತ್ತರ ಸೊನ್ನೆ. ಅಂಥ ಬಿಂದು ಇದ್ದರೆ ಸೊನ್ನೆ ಎನ್ನುವ ಹಾಗಿಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಎರಡು ವಾರ ಹಿಡಿದಿತ್ತು.

ಒಂದು ದಿನ ಅವರು ಅಂಥದ್ದೇ ಲೆಕ್ಕವೊಂದನ್ನು ಹಲಗೆಯ ಮೇಲೆ ಬರೆದು, ಉತ್ತರ ಸೊನ್ನೆ ಎಂದರು. ವೃತ್ತದ ಕೇಂದ್ರ ಮೂಲಬಿಂದು ಅಂದುಕೊಂಡಿದ್ದರು. ಕೇಂದ್ರ ನಿಜವಾಗಿ ಮೂಲಬಿಂದುವಿನಿಂದ ಎರಡು ಯೂನಿಟ್ ಮೇಲಿತ್ತು. ಹಾಗಾಗಿ ಲೆಕ್ಕ ಮುರಿಯುವ ಬಿಂದು ವೃತ್ತದ ಒಳಗೇ ಬೀಳುತ್ತಿತ್ತು.

ನಾನು ಎದ್ದು ನಿಂತೆ. "ಸರ್, ಕೇಂದ್ರ ಅಲ್ಲಿಲ್ರೀ. ಉತ್ತರ ಸೊನ್ನಿ ಬರಂಗಿಲ್ಲ."

ಅವರು ತಿರುಗಿ ನೋಡಿದರು. "ನಿನಗ್ಯಾಕ ಬೇಕವ್ವಾ ಇದೆಲ್ಲಾ? ಮನ್ಯಾಗ ಕುಂತು ಹೊಲಿಗಿ ಕಲಿ."

ಹುಡುಗರು ನಕ್ಕರು. ನಾನು ಕೂರಲಿಲ್ಲ. "ಹೊಲಿಗಿ ನಮ್ಮ ಅಪ್ಪಗ ಬರ್ತದ್ರೀ. ನನಗ ಇದು ಬರಬೇಕು."

"ಹೊರಗ ನಡಿ. ತಪ್ಪಾತು ಅಂತ ಬರದು ಕೊಟ್ರ ಒಳಗ ಬಾ, ಇಲ್ಲಾಂದ್ರ ಬ್ಯಾಡ."

ಹೊರಗೆ ಹೋದೆ, ಆದರೆ ಮನೆಗೆ ಹೋಗಲಿಲ್ಲ. ವರಾಂಡದ ಕಿಟಕಿಯ ಪಕ್ಕ ನಿಂತು, ನೋಟ್‌ಬುಕ್ಕನ್ನು ಗೋಡೆಗೆ ಒತ್ತಿ ಹಿಡಿದು ಪಾಠ ಬರೆದುಕೊಂಡೆ. ಆರು ದಿನ ಹಾಗೆಯೇ ನಿಂತೆ. ಅರಕೇರಾದ ಸಹಪಾಠಿಯೊಬ್ಬ ಮೂರನೆಯ ದಿನ ಕಿಟಕಿಯ ಹತ್ತಿರದ ಬೆಂಚು ಬಿಟ್ಟು ಹಿಂದೆ ಹೋಗಿ ಕೂತ. ಅವನ ತಲೆ ಅಡ್ಡ ಬರುವುದು ತಪ್ಪಿತು. ಅವನು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

ಭಾನುವಾರ ಅಂಗಡಿಯಲ್ಲಿ ಅಬ್ಬಾಗೆ ಎಲ್ಲ ಹೇಳಿದೆ. ಅವರು ಮಷೀನು ನಿಲ್ಲಿಸಿ, "ತೇರಾ ಹಿಸಾಬ್ ಸಹೀ ಹೈ ಕ್ಯಾ?" ಎಂದು ಕೇಳಿದರು. ನನ್ನ ಲೆಕ್ಕ ಸರಿ ಇದೆಯಾ ಅಂತ. ಸರಿ ಇದೆ ಎಂದೆ. "ಫಿರ್ ಮಾಫೀ ಕಾಯ್ಕು?" ಹಾಗಿದ್ದರೆ ಕ್ಷಮೆ ಯಾಕೆ? ಮತ್ತೆ ಮಷೀನು ತುಳಿಯತೊಡಗಿದರು.

ಅಲ್ಲೇ ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಕೂತು ಪತ್ರ ಬರೆದೆ. ಕ್ಷಮೆಯ ಬದಲು ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿದೆ. ಉತ್ತರ ಪೈ ಬೈ ತ್ರೀ ಬಂತು. ಕೆಳಗೆ ಒಂದೇ ಸಾಲು: "ಇದರಲ್ಲಿ ತಪ್ಪಿದ್ದರೆ ತೋರಿಸಿ, ಆಗ ಕ್ಷಮೆ ಕೇಳುತ್ತೇನೆ."

ಸೋಮವಾರ ಸ್ಟಾಫ್ ರೂಮಿನಲ್ಲಿ ಲೆಕ್ಚರರು ಆ ಪತ್ರವನ್ನು ಎರಡು ಸಲ ಓದಿದರು. ಬೆರಳು ವೃತ್ತದ ಚಿತ್ರದ ಮೇಲೆ ನಿಂತಿತು.

"ಉತ್ತರ ಬರೋಬ್ಬರಿ ಅದ," ಎಂದರು. "ನೀ ಮಾತಾಡಿದ ರೀತಿ ಬರೋಬ್ಬರಿ ಇಲ್ಲ."

"ರೀತಿ ಬಿಡ್ರಿ ಸರ್. ಹುಡುಗರ ನೋಟ್ಸಿನಾಗ ಇನ್ನೂ ಸೊನ್ನಿನೇ ಅದ."

"ಒಳಗ ಹೋಗಿ ಕೂಡು" ಎಂದಷ್ಟೇ ಹೇಳಿದರು. ಅಂದು ಪಾಠ ಮುಂದಕ್ಕೆ ಹೋಯಿತು, ಸೊನ್ನೆಯ ಸುದ್ದಿ ಎತ್ತಲಿಲ್ಲ.

ಮರುದಿನ ತರಗತಿಗೆ ಮುಂಚೆಯೇ ಹೋಗಿ ಅರ್ಧ ಹಲಗೆಯ ತುಂಬ ಆ ಲೆಕ್ಕ ಬರೆದು, ಮುಂದಿನ ಬೆಂಚಿನಲ್ಲಿ ಕೂತೆ. ಹುಡುಗರು ಒಬ್ಬೊಬ್ಬರೇ ಬಂದು ಸದ್ದಿಲ್ಲದೆ ನಕಲು ಮಾಡಿಕೊಂಡರು. ಲೆಕ್ಚರರು ಬಂದರು, ನೋಡಿದರು, ಡಸ್ಟರ್ ಎತ್ತಿಕೊಂಡರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಉಳಿದರ್ಧ ಹಲಗೆಯಲ್ಲಿ ಪಾಠ ಶುರು ಮಾಡಿದರು.

ವರ್ಷದ ಕೊನೆಗೆ ಆ ಪೇಪರಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂದವು. ಅವರು ಶಹಬ್ಬಾಸ್ ಎನ್ನಲಿಲ್ಲ. ನಾನು ಅದಕ್ಕಾಗಿ ಕಾಯಲೂ ಇಲ್ಲ. ಎಂಬತ್ತರ ದಶಕದ ಆರಂಭದಲ್ಲಿ ದೇವದುರ್ಗದ ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೋದಾಗ, ಅಲ್ಲಿನ ಹೆಡ್‌ಮಾಸ್ಟರು ಹೊಸಬರಿಗೆ ಎಂಟನೆಯ ತರಗತಿ ಕೊಡುವುದು ರೂಢಿ ಎಂದರು. ನಾನು ಹತ್ತನೆಯ ತರಗತಿಯ ಗಣಿತವೇ ಬೇಕೆಂದು ಹಟ ಹಿಡಿದು ಪಡೆದುಕೊಂಡೆ.